ಜೀವವೈದ್ಯಕೀಯ ವಿಜ್ಞಾನದಲ್ಲಿ ವಿದೇಶಿ ಪಿಎಚ್.ಡಿ.: ಅವಕಾಶಗಳು ಮತ್ತು ಹುಡುಕಾಟ

ದೇಹ ಹೇಗೆ ಕೆಲಸ ಮಾಡುತ್ತದೆ, ರೋಗ ಬಂದಾಗ ಅದರಲ್ಲಿ ಏನು ಕೆಡುತ್ತದೆ, ಕೆಟ್ಟಿದ್ದನ್ನು ಹೇಗೆ ತಿದ್ದಬಹುದು ಎಂಬ ಪ್ರಶ್ನೆಗಳನ್ನು ಜೀವಕೋಶ, ವಂಶವಾಹಿ, ಪ್ರೋಟೀನುಗಳ ಮಟ್ಟದಲ್ಲಿ ಕೆದಕಿ ನೋಡುವ ಶಾಸ್ತ್ರಗಳ ಸಮೂಹಕ್ಕೆ ಜೀವವೈದ್ಯಕೀಯ ವಿಜ್ಞಾನ ಎಂದು ಹೆಸರು. ಜೀವರಸಾಯನ, ಅಣುಜೀವವಿಜ್ಞಾನ, ರೋಗನಿರೋಧಶಾಸ್ತ್ರ, ನರವಿಜ್ಞಾನ, ಔಷಧಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಕ್ಯಾನ್ಸರ್ ಜೀವಶಾಸ್ತ್ರ, ಜೀನೋಮ್ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿದ್ಯೆ ಇವೆಲ್ಲ ಇದರೊಳಗೆ ಬರುತ್ತವೆ. ಈ ಕ್ಷೇತ್ರದ ಪಿಎಚ್.ಡಿ. ಚಿಕಿತ್ಸೆ ಮಾಡುವ ಪರವಾನಗಿ ಕೊಡುವುದಿಲ್ಲ; ಸ್ವತಂತ್ರವಾಗಿ ಸಂಶೋಧನೆ ನಡೆಸಬಲ್ಲರೆಂಬುದಕ್ಕೆ ಸಾಕ್ಷಿಯಾಗುತ್ತದೆ. ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿದವರಷ್ಟೇ ಅಲ್ಲದೆ ಬಿ.ಫಾರ್ಮ, ಬಯೋಟೆಕ್ನಾಲಜಿಯ ಬಿ.ಟೆಕ್., ಎಂಬಿಬಿಎಸ್, ಪಶುವೈದ್ಯಕೀಯ, ಕೃಷಿ ಪದವಿ ಪಡೆದವರೂ ಇದಕ್ಕೆ ಅರ್ಜಿ ಹಾಕುತ್ತಾರೆ. ಭೌತಶಾಸ್ತ್ರ, ಗಣಿತ ಓದಿ ಇತ್ತ ಬಂದವರಿಗೂ ಜಾಗವಿದೆ. 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ವೆಂಕಿ ರಾಮಕೃಷ್ಣನ್ ಪಿಎಚ್.ಡಿ. ಮಾಡಿದ್ದು ಭೌತಶಾಸ್ತ್ರದಲ್ಲಿ, ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದಲ್ಲಿ. ಆಮೇಲೆ ಅವರು ಸ್ಯಾನ್ ಡಿಯಾಗೊದಲ್ಲಿ ಜೀವಶಾಸ್ತ್ರದ ವಿದ್ಯಾರ್ಥಿಯಾಗಿ ಮತ್ತೆ ಮೊದಲಿನಿಂದ ಓದಿದರು.

ಬೇರೆ ವಿಷಯಗಳ ವಿದೇಶಿ ಓದಿಗೂ ಇದಕ್ಕೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಒಂದು ಹಣದ್ದು. ಎಂ.ಎಸ್. ಅಥವಾ ಎಂಬಿಎಗೆ ಹೋಗುವವರು ಶುಲ್ಕ ಕಟ್ಟುತ್ತಾರೆ, ಜೀವವೈದ್ಯಕೀಯ ಪಿಎಚ್.ಡಿ.ಗೆ ಹೋಗುವವರಿಗೆ ಸಂಸ್ಥೆಯೇ ಶುಲ್ಕ ಭರಿಸಿ, ತಿಂಗಳು ತಿಂಗಳು ಶಿಷ್ಯವೇತನವನ್ನೋ ಸಂಬಳವನ್ನೋ ಕೊಡುವುದು ರೂಢಿ. ಮನೆ ಅಡವಿಟ್ಟು ಮಾಡಬೇಕಾದ ಓದು ಇದಲ್ಲ. ‘ಸೀಟು ಸಿಕ್ಕಿದೆ, ಹಣ ನೀವೇ ಹೊಂದಿಸಿಕೊಳ್ಳಿ’ ಎಂಬ ಪತ್ರ ಬಂದರೆ ಅದನ್ನು ಅವಕಾಶವೆಂದು ಎಣಿಸದಿರುವುದೇ ಕ್ಷೇಮ. ಇನ್ನೊಂದು ವ್ಯತ್ಯಾಸ ಆಯ್ಕೆಯ ರೀತಿಯದು. ಇಲ್ಲಿ ವಿಶ್ವವಿದ್ಯಾಲಯದ ಹೆಸರಿಗಿಂತ ಯಾವ ಪ್ರಯೋಗಾಲಯ, ಯಾರ ಮಾರ್ಗದರ್ಶನ, ಯಾವ ಪ್ರಶ್ನೆ ಎಂಬುದೇ ಮುಂದಿನ ಐದಾರು ವರ್ಷಗಳನ್ನು ನಿರ್ಧರಿಸುತ್ತದೆ. ಶ್ರೇಯಾಂಕ ಪಟ್ಟಿ ಹಿಡಿದು ಹುಡುಕಾಟ ಆರಂಭಿಸುವವರು ಈ ಮಾತನ್ನು ತಡವಾಗಿ ಕಲಿಯುತ್ತಾರೆ.

ಹಿನ್ನೆಲೆ

ಸಂಶೋಧನೆಯನ್ನೇ ಮುಖ್ಯವಾಗಿಟ್ಟ ಪಿಎಚ್.ಡಿ. ರೂಪುಗೊಂಡಿದ್ದು ಜರ್ಮನಿಯಲ್ಲಿ, 1810ರಲ್ಲಿ ಸ್ಥಾಪನೆಯಾದ ಬರ್ಲಿನ್ ವಿಶ್ವವಿದ್ಯಾಲಯ ಅದಕ್ಕೆ ಮಾದರಿಯಾಯಿತು. ಅಮೆರಿಕದಲ್ಲಿ ಯೇಲ್ 1861ರಲ್ಲಿ ಮೊದಲ ಪಿಎಚ್.ಡಿ.ಗಳನ್ನು ಕೊಟ್ಟಿತು. ಇಂಗ್ಲೆಂಡು ಇದನ್ನು ಒಪ್ಪಿಕೊಂಡಿದ್ದು ತಡವಾಗಿ: ಆಕ್ಸ್‌ಫರ್ಡ್ 1917ರಲ್ಲಿ ಈ ಪದವಿಯನ್ನು ತಂದಿತು, ಅಲ್ಲಿ ಇಂದಿಗೂ ಅದರ ಹೆಸರು ಡಿ.ಫಿಲ್.

ಭಾರತದಿಂದ ಹೋದವರ ಸಾಲು ಅದಾದ ಸ್ವಲ್ಪ ಕಾಲದಲ್ಲೇ ಶುರುವಾಗುತ್ತದೆ. ಆಂಧ್ರದ ಎಲ್ಲಾಪ್ರಗಡ ಸುಬ್ಬರಾವ್ 1920ರ ದಶಕದ ಆರಂಭದಲ್ಲಿ ಬಾಸ್ಟನ್‌ಗೆ ಹೋಗಿ, ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ದುಡಿದು, ರಕ್ತ ಮತ್ತು ಮೂತ್ರದಲ್ಲಿನ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು, ಅವರಿಗೆ ಪಿಎಚ್.ಡಿ. ಬಂದಿದ್ದು 1930ರಲ್ಲಿ. ಹರಗೋವಿಂದ ಖೊರಾನಾ 1945ರಲ್ಲಿ ಭಾರತ ಸರ್ಕಾರದ ಫೆಲೋಶಿಪ್ ಮೇಲೆ ಲಿವರ್‌ಪೂಲ್‌ಗೆ ಹೋಗಿ 1948ರಲ್ಲಿ ಪಿಎಚ್.ಡಿ. ಮುಗಿಸಿದರು, ಇಪ್ಪತ್ತು ವರ್ಷಗಳ ನಂತರ ನೊಬೆಲ್ ಪಡೆದರು.

ಕರ್ನಾಟಕದ ಓದುಗರಿಗೆ ಹೆಚ್ಚು ಹತ್ತಿರವಾದುದು ಕಮಲಾ ಸೊಹೊನಿ ಅವರ ದಾರಿ. 1933ರಲ್ಲಿ ಮುಂಬಯಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರಿಗೆ, ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಷರತ್ತಿನ ಮೇಲೆ ಸೇರಿಕೊಂಡು, ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ, ಕೇಂಬ್ರಿಜ್‌ಗೆ ಹೋದರು. ಅಲ್ಲಿ ಜೀವರಸಾಯನ ವಿಭಾಗವನ್ನು ನಡೆಸುತ್ತಿದ್ದವರು ವಿಟಮಿನ್ ಸಂಶೋಧನೆಗೆ ನೊಬೆಲ್ ಪಡೆದಿದ್ದ ಫ್ರೆಡರಿಕ್ ಹಾಪ್‌ಕಿನ್ಸ್. ಸಸ್ಯಗಳ ಅಂಗಾಂಶದಲ್ಲೂ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಇದೆಯೆಂದು ತೋರಿಸಿದ ಕಮಲಾ ಅವರ ಮಹಾಪ್ರಬಂಧ ಗಾತ್ರದಲ್ಲಿ ತೀರ ಚಿಕ್ಕದು. 1939ರಲ್ಲಿ ಅದಕ್ಕೆ ಪದವಿ ಬಂತು. ಬೆಂಗಳೂರಿನ ಲ್ಯಾಬಿನಲ್ಲಿ ಕೈ ಪಳಗಿಸಿಕೊಂಡು, ಅದರ ಬಲದ ಮೇಲೆ ಹೊರಗೆ ಹೋಗುವ ಈ ಕ್ರಮ ಇಂದಿಗೂ ಬದಲಾಗಿಲ್ಲ. ಗ್ಲಾಸ್ಗೋದಲ್ಲಿ ಗೀಡೊ ಪಾಂಟೆಕೊರ್ವೊ ಅವರ ಬಳಿ ತಳಿವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿ ಮರಳಿದ ಒಬೈದ್ ಸಿದ್ದೀಖಿ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಇಂದು ವಿದೇಶಕ್ಕೆ ಅರ್ಜಿ ಹಾಕುವ ಎಷ್ಟೋ ಮಂದಿ ಮೊದಲು ಪಿಪೆಟ್ ಹಿಡಿಯುವುದು ಎನ್‌ಸಿಬಿಎಸ್ ಎಂದೇ ಎಲ್ಲರೂ ಕರೆಯುವ ಆ ಆವರಣದಲ್ಲಿ.

ಅಮೆರಿಕ

ಅಮೆರಿಕದಲ್ಲಿ ಬಿ.ಎಸ್ಸಿ. ಮುಗಿಸಿದವರನ್ನೇ ನೇರವಾಗಿ ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತಾರೆ. ಮೊದಲ ಒಂದೆರಡು ವರ್ಷ ತರಗತಿಗಳು, ಉಳಿದದ್ದು ಪ್ರಯೋಗಾಲಯ. ಒಟ್ಟು ಐದರಿಂದ ಆರು ವರ್ಷ. ನಮ್ಮ ಮೂರು ವರ್ಷದ ಪದವಿಯನ್ನು ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಹಾಗಾಗಿ ಎಂ.ಎಸ್ಸಿ. ಆದವರಿಗೆ ಅಥವಾ ನಾಲ್ಕು ವರ್ಷದ ಪದವಿಯವರಿಗೆ ದಾರಿ ಸಲೀಸು.

ಜೀವವೈದ್ಯಕೀಯದಲ್ಲಿ ಅಲ್ಲಿ ಬೆಳೆದುಬಂದಿರುವ ವಿಶೇಷ ವ್ಯವಸ್ಥೆಯೆಂದರೆ ‘ಅಂಬ್ರೆಲಾ’ ಕಾರ್ಯಕ್ರಮಗಳು. ಹತ್ತಾರು ವಿಭಾಗಗಳು ಸೇರಿ ಒಂದೇ ಅರ್ಜಿಯಲ್ಲಿ ವಿದ್ಯಾರ್ಥಿಗಳನ್ನು ಆರಿಸುತ್ತವೆ. ಮಿಶಿಗನ್ ವಿಶ್ವವಿದ್ಯಾಲಯದ ಪಿಬ್ಸ್, ಹಾರ್ವರ್ಡ್ ಮತ್ತು ಯೇಲ್‌ಗಳ ಬಿಬಿಎಸ್ ಇಂಥವು. ಸೇರುವ ಹೊತ್ತಿಗೆ ಮಾರ್ಗದರ್ಶಕರು ಗೊತ್ತಾಗಿರುವುದಿಲ್ಲ. ಮೊದಲ ವರ್ಷ ಮೂರು ಲ್ಯಾಬುಗಳಲ್ಲಿ ಕೆಲವು ವಾರಗಳಂತೆ ದುಡಿದು ನೋಡುತ್ತಾರೆ. ಇದಕ್ಕೆ ರೊಟೇಶನ್ ಎನ್ನುತ್ತಾರೆ. ವಿದ್ಯಾರ್ಥಿ ಲ್ಯಾಬನ್ನು ಪರೀಕ್ಷಿಸುವಷ್ಟೇ ಲ್ಯಾಬು ವಿದ್ಯಾರ್ಥಿಯನ್ನೂ ಪರೀಕ್ಷಿಸುತ್ತದೆ. ಆ ಮೇಲೆ ಒಂದನ್ನು ಆರಿಸಿಕೊಂಡು, ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯ ಹೊತ್ತಿಗೆ ಅರ್ಹತಾ ಪರೀಕ್ಷೆ ಎದುರಿಸಬೇಕು. ಅದರಲ್ಲಿ ಸ್ವಂತ ಸಂಶೋಧನಾ ಯೋಜನೆಯೊಂದನ್ನು ಬರೆದು, ಪ್ರಾಧ್ಯಾಪಕರ ಸಮಿತಿಯ ಮುಂದೆ ಸಮರ್ಥಿಸಿಕೊಳ್ಳಬೇಕು. ಈ ಘಟ್ಟದಲ್ಲಿ ತಡವರಿಸಿದವರು ಎಂ.ಎಸ್. ಪದವಿಯೊಡನೆ ಹೊರಬೀಳುವುದೂ ಉಂಟು. ಇಷ್ಟೊಂದು ದೂರ ಹೋದ ಮೇಲೆ ಮಾರ್ಗದರ್ಶಕರೊಡನೆ ಹೊಂದದೆ ಒದ್ದಾಡುವ ಸಂಕಟವನ್ನು ರೊಟೇಶನ್ ಪದ್ಧತಿ ಬಹುಮಟ್ಟಿಗೆ ತಪ್ಪಿಸುತ್ತದೆ. ಈ ಒಂದೇ ಕಾರಣಕ್ಕೆ, ಯಾವ ಲ್ಯಾಬು ಎಂದು ಇನ್ನೂ ಸ್ಪಷ್ಟವಿಲ್ಲದವರಿಗೆ ಅಮೆರಿಕದ ಪದ್ಧತಿ ಒಳ್ಳೆಯದು.

ಅರ್ಜಿಗಳ ಕಾಲ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ. ಸಂದರ್ಶನಗಳು ಜನವರಿ, ಫೆಬ್ರವರಿಯಲ್ಲಿ. ನೆರವಿನೊಡನೆ ಬಂದ ಆಹ್ವಾನಕ್ಕೆ ಏಪ್ರಿಲ್ 15ಕ್ಕೆ ಮೊದಲೇ ಉತ್ತರಿಸಲೇಬೇಕೆಂದು ಒತ್ತಾಯಿಸಬಾರದು ಎಂಬ ಒಪ್ಪಂದಕ್ಕೆ ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಜಿಆರ್‌ಇ ಪರೀಕ್ಷೆಯ ಅಂಕ ಒಂದು ಕಾಲದಲ್ಲಿ ಕಡ್ಡಾಯವಾಗಿತ್ತು. ಈಗ ಜೀವವೈದ್ಯಕೀಯ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಅದನ್ನು ಕೇಳುವುದೇ ಇಲ್ಲ. ಆ ದುಡ್ಡು ಮತ್ತು ತಿಂಗಳುಗಳು ಉಳಿದವು ಎನ್ನಬಹುದು. ಒಂದೊಂದು ಅರ್ಜಿಗೆ ಸುಮಾರು 75ರಿಂದ 125 ಡಾಲರ್ ಶುಲ್ಕವಿರುವುದರಿಂದ ಹತ್ತು ಕಡೆ ಹಾಕಿದರೆ ಮಧ್ಯಮ ವರ್ಗದ ಮನೆಗೂ ಅದು ಭಾರ. ಅನೇಕ ಕಾರ್ಯಕ್ರಮಗಳು ಕೇಳಿದರೆ ಶುಲ್ಕ ಮನ್ನಾ ಮಾಡುತ್ತವೆ. ಕೇಳಲು ಸಂಕೋಚಪಡುವ ಅಗತ್ಯವಿಲ್ಲ. ಶಿಷ್ಯವೇತನ ಊರಿಂದ ಊರಿಗೆ ಬದಲಾಗುತ್ತದೆ; ದೊಡ್ಡ ನಗರಗಳ ಹೆಸರಾಂತ ಕಾರ್ಯಕ್ರಮಗಳಲ್ಲಿ ಅದು ವರ್ಷಕ್ಕೆ 40,000 ಡಾಲರ್ ದಾಟಿದೆ. ಆದರೆ ಬಾಸ್ಟನ್, ಸ್ಯಾನ್ ಫ್ರಾನ್ಸಿಸ್ಕೊಗಳ ಬಾಡಿಗೆಯನ್ನು ಪಕ್ಕಕ್ಕಿಟ್ಟು ಆ ಮೊತ್ತವನ್ನು ನೋಡಬಾರದು.

ಭಾರತೀಯ ಅಭ್ಯರ್ಥಿಗಳು ತಿಳಿದಿರಬೇಕಾದ, ಆದರೆ ಪ್ರಚಾರಪತ್ರಗಳಲ್ಲಿ ಕಾಣದ ಸಂಗತಿಯೊಂದಿದೆ. ಅಲ್ಲಿನ ವಿಶ್ವವಿದ್ಯಾಲಯಗಳ ಜೀವವೈದ್ಯಕೀಯ ಸಂಶೋಧನೆಯ ಬಹುಪಾಲು ಹಣ ಬರುವುದು 27 ಸಂಸ್ಥೆ, ಕೇಂದ್ರಗಳ ಕೂಟವಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಂದ, ಅಂದರೆ ಎನ್‌ಐಎಚ್‌ನಿಂದ. ಪಿಎಚ್.ಡಿ. ವಿದ್ಯಾರ್ಥಿಗಳ ತರಬೇತಿಗೆಂದು ಎನ್‌ಐಎಚ್ ಕೊಡುವ ಟಿ32 ಅನುದಾನ ಅಮೆರಿಕದ ಪ್ರಜೆಗಳಿಗೆ ಮತ್ತು ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ ಸಲ್ಲುತ್ತದೆ. ವಿದೇಶಿ ವಿದ್ಯಾರ್ಥಿಯ ಮೊದಲ ವರ್ಷಗಳ ಖರ್ಚನ್ನು ವಿಶ್ವವಿದ್ಯಾಲಯ ತನ್ನ ಸ್ವಂತ ನಿಧಿಯಿಂದ ಹಾಕಬೇಕಾಗುತ್ತದೆ. ಆದ್ದರಿಂದಲೇ ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ವಿದೇಶಿಯರನ್ನಷ್ಟೇ ತೆಗೆದುಕೊಳ್ಳುತ್ತವೆ. ವೈದ್ಯಕೀಯ ಪದವಿಯನ್ನೂ ಪಿಎಚ್.ಡಿ.ಯನ್ನೂ ಒಟ್ಟಿಗೆ ಕೊಡುವ ಎಂ.ಡಿ.-ಪಿಎಚ್.ಡಿ. ಕಾರ್ಯಕ್ರಮಗಳಲ್ಲಿ ಈ ಬಾಗಿಲು ಇನ್ನೂ ಕಿರಿದು. ತಿರಸ್ಕಾರ ಬಂದಾಗ ಅದನ್ನು ತಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ಓದಿಕೊಂಡು ಕುಗ್ಗುವ ಹುಡುಗ ಹುಡುಗಿಯರಿದ್ದಾರೆ. ಹಣದ ಈ ಲೆಕ್ಕ ಅವರಿಗೆ ಮೊದಲೇ ತಿಳಿದಿರಬೇಕು. ಖಾಸಗಿ ವಿಶ್ವವಿದ್ಯಾಲಯಗಳು, ಹಾಗೂ ರಾಕ್‌ಫೆಲರ್, ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಂಥ ಸಂಶೋಧನೆಗೇ ಮೀಸಲಾದ ಸಂಸ್ಥೆಗಳು ಈ ವಿಷಯದಲ್ಲಿ ಹೆಚ್ಚು ಉದಾರ.

2025ರಲ್ಲಿ ಎನ್‌ಐಎಚ್ ಅನುದಾನಗಳಿಗೆ ಕತ್ತರಿ ಬೀಳುವ ಭೀತಿಯಿಂದ ಅನೇಕ ಕಾರ್ಯಕ್ರಮಗಳು ಪ್ರವೇಶ ಸಂಖ್ಯೆ ಇಳಿಸಿದವು. ಮ್ಯಾಸಚೂಸೆಟ್ಸ್‌ನ ಯುಮಾಸ್ ಚಾನ್ ವೈದ್ಯಕೀಯ ಶಾಲೆ ಆ ವರ್ಷ ಜೀವವೈದ್ಯಕೀಯ ಪಿಎಚ್.ಡಿ.ಗೆ ಕೊಟ್ಟಿದ್ದ ಆಹ್ವಾನಗಳನ್ನೇ ಹಿಂತೆಗೆದುಕೊಂಡಿತು. ಅದೇ ವರ್ಷ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳು ಕೆಲವು ವಾರ ನಿಂತಿದ್ದವು. ಒಂದೇ ದೇಶವನ್ನು ನಂಬಿ ಕೂರುವ ಕಾಲ ಇದಲ್ಲ.

ಬ್ರಿಟನ್

ಬ್ರಿಟನ್ನಿನ ಪಿಎಚ್.ಡಿ. ಮೂರರಿಂದ ನಾಲ್ಕು ವರ್ಷದ್ದು. ತರಗತಿ ಕಡಿಮೆ, ಮೊದಲ ದಿನದಿಂದಲೇ ಯೋಜನೆ ಕೈಯಲ್ಲಿರುತ್ತದೆ. ಎರಡು ಬಗೆಯಲ್ಲಿ ಒಳಹೋಗಬಹುದು: ಒಬ್ಬ ಪ್ರಾಧ್ಯಾಪಕರು ನಿರ್ದಿಷ್ಟ ವಿಷಯಕ್ಕೆಂದು ಜಾಹೀರಾತು ಕೊಟ್ಟ ಸ್ಥಾನಕ್ಕೆ ಅರ್ಜಿ ಹಾಕುವುದು, ಇಲ್ಲವೇ ಮೊದಲ ವರ್ಷ ರೊಟೇಶನ್ ಇರುವ ನಾಲ್ಕು ವರ್ಷದ ಕಾರ್ಯಕ್ರಮಕ್ಕೆ ಸೇರುವುದು. ಎರಡನೆಯದನ್ನು ಬೆಳೆಸಿದ್ದು ಮುಖ್ಯವಾಗಿ ದತ್ತಿ ಸಂಸ್ಥೆಯಾದ ವೆಲ್‌ಕಮ್ ಟ್ರಸ್ಟ್.

ಸರ್ಕಾರಿ ಸಂಶೋಧನಾ ನಿಧಿಯಾದ ಯುಕೆಆರ್‌ಐ 2021ರಿಂದ ತನ್ನ ಸ್ಥಾನಗಳಲ್ಲಿ ಶೇ. 30ರವರೆಗೆ ವಿದೇಶಿಯರಿಗೂ ತೆರೆದಿದೆ. 2025–26ರಲ್ಲಿ ಅದು ನಿಗದಿಪಡಿಸಿದ ಕನಿಷ್ಠ ಶಿಷ್ಯವೇತನ ವರ್ಷಕ್ಕೆ 20,780 ಪೌಂಡ್. ಆದರೆ ಅದು ಕಟ್ಟುವುದು ಸ್ವದೇಶಿ ವಿದ್ಯಾರ್ಥಿಯ ಶುಲ್ಕವನ್ನು ಮಾತ್ರ. ವಿದೇಶಿ ಶುಲ್ಕ ಅದಕ್ಕಿಂತ ಹಲವು ಪಟ್ಟು. ನಡುವಿನ ವ್ಯತ್ಯಾಸವನ್ನು ವಿಶ್ವವಿದ್ಯಾಲಯ ಮನ್ನಾ ಮಾಡುತ್ತದೆಯೇ ಎಂಬ ಒಂದು ಪ್ರಶ್ನೆಯನ್ನು ಅರ್ಜಿಗೆ ಮುನ್ನವೇ ಬರೆದು ಕೇಳಬೇಕು. ಕೇಂಬ್ರಿಜ್‌ನ ಗೇಟ್ಸ್ ವಿದ್ಯಾರ್ಥಿವೇತನ, ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ಮತ್ತು ರೋಡ್ಸ್, ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಇವು ಪೂರ್ತಿ ಖರ್ಚನ್ನು ಹೊರುತ್ತವೆ. ಲಂಡನ್ನಿನಲ್ಲಿ 2016ರಲ್ಲಿ ತೆರೆದ ಫ್ರಾನ್ಸಿಸ್ ಕ್ರಿಕ್ ಸಂಸ್ಥೆ ಮತ್ತು ಕೇಂಬ್ರಿಜ್‌ನ ಎಲ್‌ಎಂಬಿ ಎಂಬ ಅಣುಜೀವವಿಜ್ಞಾನ ಪ್ರಯೋಗಾಲಯ ತಮ್ಮದೇ ಕಾರ್ಯಕ್ರಮಗಳಿಗೆ ಎಲ್ಲ ದೇಶಗಳಿಂದ ಆರಿಸುತ್ತವೆ. ಈ ಎಲ್‌ಎಂಬಿಯಲ್ಲೇ ವೆಂಕಿ ರಾಮಕೃಷ್ಣನ್ ಕೆಲಸ ಮಾಡಿದ್ದು. ವೀಸಾದ ಜೊತೆ ವರ್ಷಕ್ಕೆ ಇಂತಿಷ್ಟೆಂದು ಆರೋಗ್ಯ ಸುಂಕವನ್ನು ಮುಂಗಡವಾಗಿ ಒಟ್ಟಿಗೇ ಕಟ್ಟಬೇಕು. ನಾಲ್ಕು ವರ್ಷಕ್ಕೆ ಅದು ಲಕ್ಷಗಳಲ್ಲಿ ಲೆಕ್ಕ. ಕೆಲವು ಸಂಸ್ಥೆಗಳು ಅದನ್ನು ಮರಳಿಸುತ್ತವೆ.

ಯುರೋಪಿನ ಇತರ ದೇಶಗಳು

ಜರ್ಮನಿಯಲ್ಲಿ ಪಿಎಚ್.ಡಿ. ಮಾಡುವವರು ಹೆಚ್ಚಾಗಿ ಉದ್ಯೋಗಿಗಳು. ಕೆಲಸದ ಕರಾರು, ಸಂಬಳದ ಚೀಟಿ, ಆರೋಗ್ಯ ವಿಮೆ, ರಜೆ ಎಲ್ಲವೂ ಇರುತ್ತವೆ. ಜೀವವಿಜ್ಞಾನದಲ್ಲಿ ಸರ್ಕಾರಿ ವೇತನಶ್ರೇಣಿಯ ಪೂರ್ಣ ಮೊತ್ತದ ಬದಲು ಅದರ ಶೇ. 65ರಂತೆ ಕೊಡುವುದು ಸಾಮಾನ್ಯ. ಎಂ.ಎಸ್ಸಿ. ಆಗಿರಲೇಬೇಕು ಎಂಬುದು ಸಾಮಾನ್ಯ ನಿಯಮ. ಗಟ್ಟಿಂಗೆನ್‌ನ ಅಣುಜೀವವಿಜ್ಞಾನ ಮತ್ತು ನರವಿಜ್ಞಾನ ಕಾರ್ಯಕ್ರಮಗಳಂಥ ಕೆಲವು ಮಾತ್ರ ಬಿ.ಎಸ್ಸಿ.ಯವರನ್ನೂ ತೆಗೆದುಕೊಂಡು ಸ್ನಾತಕೋತ್ತರದಿಂದ ಪಿಎಚ್.ಡಿ.ಗೆ ಒಯ್ಯುತ್ತವೆ. ಲ್ಯಾಬಿನ ಭಾಷೆ ಇಂಗ್ಲಿಷ್, ಮಹಾಪ್ರಬಂಧವೂ ಇಂಗ್ಲಿಷಿನಲ್ಲೇ. ಬಾಡಿಗೆ ಮನೆ ಹುಡುಕಲು, ಸರ್ಕಾರಿ ಕಚೇರಿಗೆ ಹೋಗಲು ಜರ್ಮನ್ ಬೇಕಾಗುತ್ತದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮೊದಲ ಹಂತ ಮುಗಿಸಿ ಹೋದವರಿಗೆ ಮೊದಲ ವರ್ಷ ಹಗುರ.

ಹುಡುಕಾಟದ ಮುಖ್ಯ ತಾಣ ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯ ಅಂತರರಾಷ್ಟ್ರೀಯ ಸಂಶೋಧನಾ ಶಾಲೆಗಳು. 2000ದಲ್ಲಿ ಆರಂಭವಾದ ಇವುಗಳಲ್ಲಿ ಸ್ಥಳೀಯ ವಿಶ್ವವಿದ್ಯಾಲಯವೂ ಪಾಲುದಾರ. ಪದವಿ ಕೊಡುವುದು ವಿಶ್ವವಿದ್ಯಾಲಯ, ತರಬೇತಿ ಮ್ಯಾಕ್ಸ್ ಪ್ಲಾಂಕ್‌ನದು. ಹೈಡೆಲ್‌ಬರ್ಗ್ ಒಂದೇ ಊರಿನಲ್ಲಿ ಜರ್ಮನ್ ಕ್ಯಾನ್ಸರ್ ಸಂಶೋಧನಾ ಕೇಂದ್ರವೂ ಯುರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯವೂ ಇವೆ. ಗರ್ಭಕೊರಳಿನ ಕ್ಯಾನ್ಸರಿಗೆ ಪ್ಯಾಪಿಲೋಮಾ ವೈರಸ್ ಕಾರಣವೆಂದು ತೋರಿಸಿ 2008ರಲ್ಲಿ ನೊಬೆಲ್ ಪಡೆದ ಹೆರಾಲ್ಡ್ ಟ್ಸುರ್ ಹೌಸೆನ್ ದೀರ್ಘಕಾಲ ಮುನ್ನಡೆಸಿದ್ದು ಆ ಕ್ಯಾನ್ಸರ್ ಕೇಂದ್ರವನ್ನೇ. ಇಎಂಬಿಎಲ್ ಎಂದು ಕರೆಯುವ ಎರಡನೆಯದು 1974ರಲ್ಲಿ ಹುಟ್ಟಿ, ಈಗ ಹ್ಯಾಂಬರ್ಗ್, ಗ್ರೆನೊಬಲ್, ರೋಮ್, ಬಾರ್ಸಿಲೋನಾ ಮತ್ತು ಕೇಂಬ್ರಿಜ್ ಬಳಿಯ ಹಿಂಕ್ಸ್‌ಟನ್‌ಗಳಲ್ಲೂ ಕೇಂದ್ರಗಳನ್ನು ಹೊಂದಿದೆ. ವೈದ್ಯರಾಗಿ ಹೋಗುವವರು ಒಂದು ವಿಷಯ ಗಮನಿಸಬೇಕು: ಜರ್ಮನಿಯ ಡಾ. ಮೆಡ್. ಪದವಿ ವೈದ್ಯಕೀಯ ವಿದ್ಯಾರ್ಥಿಗಳು ಓದಿನ ನಡುವೆಯೇ ಮಾಡುವ ಕಿರಿದಾದ ಪ್ರಬಂಧ. ಪೂರ್ಣಾವಧಿ ಸಂಶೋಧನೆಯ ಪದವಿ ಡಾ. ರೆರ್. ನಾಟ್. ಅಥವಾ ಪಿಎಚ್.ಡಿ.

ಆಸ್ಟ್ರಿಯಾ ಚಿಕ್ಕ ದೇಶವಾದರೂ ಈ ಕ್ಷೇತ್ರದಲ್ಲಿ ಮುಂದಿದೆ. ವಿಯೆನ್ನಾ ಬಯೋಸೆಂಟರ್ ವರ್ಷಕ್ಕೆ ಎರಡು ಬಾರಿ ಆಯ್ಕೆ ನಡೆಸುತ್ತದೆ. ನಗರದ ಹೊರಗೆ ಕ್ಲೋಸ್ಟರ್‌ನಾಯ್‌ಬರ್ಗ್‌ನಲ್ಲಿ 2009ರಲ್ಲಿ ತೆರೆದ ಐಎಸ್‌ಟಿಎ ಸಂಶೋಧನಾ ಸಂಸ್ಥೆ ಬಿ.ಎಸ್ಸಿ.ಯವರಿಗೂ ಅವಕಾಶ ಕೊಟ್ಟು, ಅಮೆರಿಕದ ಹಾಗೆ ರೊಟೇಶನ್ ಇಟ್ಟಿದೆ. ಸ್ವಿಟ್ಜರ್ಲೆಂಡಿನಲ್ಲಿ ಜೂರಿಕ್, ಬಾಸೆಲ್, ಲೋಸಾನ್ ನಗರಗಳ ಕಾರ್ಯಕ್ರಮಗಳಿವೆ. ಸಂಬಳ ಯುರೋಪಿನಲ್ಲೇ ಹೆಚ್ಚು, ಜೀವನವೆಚ್ಚವೂ ಹಾಗೆಯೇ. ನೆದರ್ಲೆಂಡ್ಸ್, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಪಿಎಚ್.ಡಿ. ಸ್ಥಾನವನ್ನು ಹುದ್ದೆಯಂತೆ ಜಾಹೀರು ಮಾಡುತ್ತಾರೆ, ವರ್ಷವಿಡೀ ಒಂದಲ್ಲ ಒಂದು ಪ್ರಕಟವಾಗುತ್ತಲೇ ಇರುತ್ತದೆ. ವೈದ್ಯಕೀಯ ನೊಬೆಲ್ ಯಾರಿಗೆಂದು ನಿರ್ಧರಿಸುವ ನೊಬೆಲ್ ಸಭೆ ಇರುವ ಕ್ಯಾರೊಲಿನ್ಸ್ಕಾ ಸಂಸ್ಥೆಯೂ ಹೀಗೆಯೇ ಹುದ್ದೆಗಳಿಗೆ ಅರ್ಜಿ ಕರೆಯುತ್ತದೆ.

ಐರೋಪ್ಯ ಒಕ್ಕೂಟದ ಮರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ಡಾಕ್ಟರೇಟ್ ಜಾಲಗಳನ್ನು ಭಾರತೀಯರು ಇನ್ನೂ ಹೆಚ್ಚು ಬಳಸಿಕೊಳ್ಳಬೇಕು. ಹಲವು ದೇಶಗಳ ಲ್ಯಾಬುಗಳು ಒಂದೇ ವಿಷಯದ ಸುತ್ತ ಜೊತೆಗೂಡಿ ಹತ್ತಾರು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ರಾಷ್ಟ್ರೀಯತೆಯ ನಿರ್ಬಂಧವಿಲ್ಲ. ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು ಎಂಬುದು ಅದರ ಮುಖ್ಯ ನಿಯಮ. ಊರಲ್ಲೇ ಇದ್ದು ಅರ್ಜಿ ಹಾಕುವವರಿಗೆ ಅದು ಅನುಕೂಲವೇ. ಈ ಸ್ಥಾನಗಳೆಲ್ಲ ಯುರಾಕ್ಸೆಸ್ ಜಾಲತಾಣದಲ್ಲಿ ಪ್ರಕಟವಾಗುತ್ತವೆ.

ಪೂರ್ವ ಮತ್ತು ಇತರೆಡೆ

ಜಪಾನಿನ ಒಕಿನಾವಾ ದ್ವೀಪದಲ್ಲಿರುವ ಓಐಎಸ್‌ಟಿ ವಿಶ್ವವಿದ್ಯಾಲಯ ಪೂರ್ತಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸ್ವಂತ ಕ್ಷೇತ್ರದ ಹೊರಗೊಂದು ಲ್ಯಾಬಿನಲ್ಲೂ ಕಡ್ಡಾಯವಾಗಿ ಕೆಲಸ ಮಾಡಿಸುತ್ತದೆ. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನಕ್ಕೆ ರಾಯಭಾರ ಕಚೇರಿಯ ಮೂಲಕವೂ ವಿಶ್ವವಿದ್ಯಾಲಯದ ಮೂಲಕವೂ ಹೋಗಬಹುದು. ಸಿಂಗಾಪುರದ ಸಿಂಗಾ ವಿದ್ಯಾರ್ಥಿವೇತನ ನಾಲ್ಕು ವರ್ಷಗಳ ಪೂರ್ಣ ನೆರವು ಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ ಮೊದಲು ಮಾರ್ಗದರ್ಶಕರ ಒಪ್ಪಿಗೆ, ಆಮೇಲೆ ಸ್ಪರ್ಧಾತ್ಮಕ ವಿದ್ಯಾರ್ಥಿವೇತನ, ಅಲ್ಲಿ ಎಂ.ಎಸ್ಸಿ.ಯಲ್ಲಿ ಗಟ್ಟಿ ಸಂಶೋಧನಾ ಪ್ರಬಂಧ ಬರೆದವರಿಗೆ ಬೆಲೆ ಹೆಚ್ಚು. ಕೆನಡಾದಲ್ಲಿ ಸಂಶೋಧನಾ ಎಂ.ಎಸ್ಸಿ.ಗೆ ಸೇರಿ, ಒಂದೆರಡು ವರ್ಷದ ನಂತರ ಪಿಎಚ್.ಡಿ.ಗೆ ವರ್ಗವಾಗುವುದು ಚಾಲ್ತಿಯಲ್ಲಿರುವ ದಾರಿ.

ಪ್ರಯೋಗಾಲಯ ಹುಡುಕುವ ಬಗೆ

ಹುಡುಕಾಟ ಶುರುವಾಗಬೇಕಾದ್ದು ಪ್ರಶ್ನೆಯಿಂದ. ‘ಕ್ಯಾನ್ಸರ್ ಬಗ್ಗೆ ಆಸಕ್ತಿ’ ಎಂಬುದು ಪ್ರಶ್ನೆಯಲ್ಲ. ಕ್ಷಯದ ರೋಗಾಣು ಶ್ವಾಸಕೋಶದ ಜೀವಕೋಶದೊಳಗೆ ಸಾಯದೆ ಹೇಗೆ ಉಳಿಯುತ್ತದೆ ಎಂಬುದು ಪ್ರಶ್ನೆ. ಅಂಥ ಒಂದು ಪ್ರಶ್ನೆ ಹಿಡಿದು ಪಬ್‌ಮೆಡ್‌ನಲ್ಲಿ ಕಳೆದ ಐದು ವರ್ಷಗಳ ಲೇಖನಗಳನ್ನು ತೆಗೆದರೆ, ಮತ್ತೆ ಮತ್ತೆ ಕಾಣುವ ಹೆಸರುಗಳೇ ಆ ಕ್ಷೇತ್ರದ ಭೂಪಟವಾಗುತ್ತವೆ. ಲೇಖಕರ ಪಟ್ಟಿಯಲ್ಲಿ ಕೊನೆಯ ಹೆಸರು ಸಾಮಾನ್ಯವಾಗಿ ಲ್ಯಾಬಿನ ಮುಖ್ಯಸ್ಥರದು, ಮೊದಲನೆಯದು ಕೆಲಸ ಮಾಡಿದ ವಿದ್ಯಾರ್ಥಿಯದು. ನಿಯತಕಾಲಿಕದಲ್ಲಿ ಬರುವ ಮುಂಚೆಯೇ ಲೇಖನಗಳು ಕಾಣುವ ಬಯೋಆರ್ಕೈವ್ 2013ರಿಂದ ಇದೆ. ಲ್ಯಾಬು ಈಗ ಏನು ಮಾಡುತ್ತಿದೆ ಎಂದು ತಿಳಿಯಲು ಅದೇ ಸರಿ. ಅಮೆರಿಕದ ಲ್ಯಾಬಾದರೆ ಎನ್‌ಐಎಚ್ ರಿಪೋರ್ಟರ್‌ನಲ್ಲಿ ಪ್ರಾಧ್ಯಾಪಕರ ಹೆಸರು ಹಾಕಿ, ಅವರಿಗೆ ಯಾವ ಅನುದಾನವಿದೆ, ಅದು ಯಾವ ವರ್ಷ ಮುಗಿಯುತ್ತದೆ ಎಂದು ಯಾರು ಬೇಕಾದರೂ ನೋಡಬಹುದು. ಅನುದಾನ ಮುಗಿಯುತ್ತಿರುವ ಲ್ಯಾಬಿಗೆ ಸೇರುವ ಮುನ್ನ ಎರಡು ಸಲ ಯೋಚಿಸಬೇಕು.

ಇದಕ್ಕಿಂತಲೂ ಮುಖ್ಯವಾದ ಪರೀಕ್ಷೆ ಹಳೆಯ ವಿದ್ಯಾರ್ಥಿಗಳದು. ಆ ಲ್ಯಾಬಿನಿಂದ ಹೊರಬಂದವರು ಎಷ್ಟು ವರ್ಷ ತೆಗೆದುಕೊಂಡರು, ಎಷ್ಟು ಮಂದಿ ನಡುವೆ ಬಿಟ್ಟರು, ಈಗ ಎಲ್ಲಿದ್ದಾರೆ ಎಂಬುದನ್ನು ಲ್ಯಾಬಿನ ಜಾಲತಾಣವೇ ಅರ್ಧ ಹೇಳುತ್ತದೆ. ಉಳಿದರ್ಧವನ್ನು ಅವರಿಗೇ ಇಮೇಲ್ ಬರೆದು ಕೇಳಬೇಕು. ಸಂದರ್ಶನದ ಕೊನೆಯಲ್ಲಿ ‘ನಿಮಗೇನಾದರೂ ಕೇಳಬೇಕೇ’ ಎಂದಾಗ, ಲ್ಯಾಬಿನ ಈಗಿನ ವಿದ್ಯಾರ್ಥಿಗಳ ಜೊತೆ ಒಬ್ಬರೇ ಮಾತನಾಡಲು ಅವಕಾಶ ಕೇಳುವುದು ತಪ್ಪಲ್ಲ, ಒಳ್ಳೆಯ ಲ್ಯಾಬುಗಳು ತಾವಾಗಿಯೇ ಅದನ್ನು ಏರ್ಪಡಿಸುತ್ತವೆ. ವಾರದಲ್ಲಿ ಎಷ್ಟು ಸಲ ಮಾರ್ಗದರ್ಶಕರು ಸಿಗುತ್ತಾರೆ, ಲೇಖನಕ್ಕೆ ಮೊದಲ ಹೆಸರು ಯಾರದೆಂದು ಹೇಗೆ ತೀರ್ಮಾನವಾಗುತ್ತದೆ, ಮಾರ್ಗದರ್ಶಕರಲ್ಲದೆ ಬೇರೆ ಸಲಹಾ ಸಮಿತಿ ಇದೆಯೇ, ಜಗಳವಾದರೆ ದೂರು ಕೇಳುವವರು ಯಾರು ಎಂಬುವು ಅಲ್ಲಿ ಕೇಳಬೇಕಾದ ಮಾತುಗಳು. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ವೀಸಾ ಲ್ಯಾಬಿಗೆ ಅಂಟಿಕೊಂಡಿರುವ ಸ್ಥಿತಿಯಲ್ಲಿ, ಕೆಟ್ಟ ಮಾರ್ಗದರ್ಶಕರ ಕೈಗೆ ಸಿಕ್ಕ ವಿದ್ಯಾರ್ಥಿಗೆ ಅಲ್ಲಿನ ದೊಡ್ಡ ಹೆಸರು ಯಾವ ನೆರವಿಗೂ ಬರುವುದಿಲ್ಲ.

ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆಯುವ ವಾಡಿಕೆ ಯುರೋಪ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಹೆಚ್ಚು ಫಲಕಾರಿ. ಅಮೆರಿಕದ ಅಂಬ್ರೆಲಾ ಕಾರ್ಯಕ್ರಮಗಳಲ್ಲಿ ಆಯ್ಕೆ ಸಮಿತಿಯದಾದ್ದರಿಂದ ಅದು ಬಾಗಿಲು ತೆರೆಯದು, ಆದರೆ ಆ ವರ್ಷ ಲ್ಯಾಬಿನಲ್ಲಿ ಜಾಗವಿದೆಯೇ ಎಂಬುದು ತಿಳಿಯುತ್ತದೆ. ಪತ್ರ ಒಂದು ಪುಟ ಮೀರಬಾರದು. ಅವರ ಯಾವ ಲೇಖನ ಓದಿದಿರಿ, ಅದರಲ್ಲಿ ನಿಮಗೆ ಬಗೆಹರಿಯದೆ ಉಳಿದದ್ದೇನು, ನಿಮ್ಮ ಕೈಯಲ್ಲಿ ಯಾವ ಕೌಶಲವಿದೆ ಎಂಬುದಿಷ್ಟೇ ಸಾಕು. ‘ರೆಸ್ಪೆಕ್ಟೆಡ್ ಸರ್’ ಎಂದು ಆರಂಭಿಸಿ ಐವತ್ತು ಮಂದಿಗೆ ಒಂದೇ ಪತ್ರ ಕಳಿಸಿದರೆ ಅದು ಓದದೇ ಕಸಕ್ಕೆ ಹೋಗುತ್ತದೆ. ಆ ಐವತ್ತು ಮಂದಿಯಲ್ಲಿರುವ ಪ್ರಾಧ್ಯಾಪಕಿಯರಿಗೂ ‘ಸರ್’ ಎಂದೇ ಬರೆದದ್ದು ಬೇರೆ.

ತಯಾರಿ ಮತ್ತು ಅರ್ಜಿ

ಆಯ್ಕೆ ಸಮಿತಿಗಳು ಅಂಕಕ್ಕಿಂತ ಹೆಚ್ಚು ತೂಕ ಕೊಡುವುದು ಪ್ರಯೋಗಾಲಯದ ಅನುಭವಕ್ಕೆ. ಪ್ರಕಟಿತ ಲೇಖನ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮಾಡಿದ ಪ್ರಯೋಗವನ್ನು ಏಕೆ ಹಾಗೆ ಮಾಡಿದಿರಿ, ಯಾವ ಕಂಟ್ರೋಲ್ ಇಟ್ಟಿರಿ, ಫಲಿತಾಂಶ ಬಾರದಿದ್ದಾಗ ಏನು ಮಾಡಿದಿರಿ ಎಂದು ಸಂದರ್ಶನದಲ್ಲಿ ಕೇಳುತ್ತಾರೆ. ತಮ್ಮ ಕೈಯಿಂದ ಕೆಲಸ ಮಾಡಿದವರು ಮಾತ್ರ ಇದಕ್ಕೆ ಉತ್ತರಿಸಬಲ್ಲರು. ರಾಜ್ಯದ ಅನೇಕ ಪದವಿ ಕಾಲೇಜುಗಳಲ್ಲಿ ಪ್ರಾಯೋಗಿಕ ತರಗತಿ ರೆಕಾರ್ಡ್ ಪುಸ್ತಕಕ್ಕೆ ನಿಂತುಬಿಡುವುದರಿಂದ ಈ ಅನುಭವವನ್ನು ಹೊರಗೆ ಗಳಿಸಬೇಕಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಫೆಲೋಶಿಪ್, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಬೇಸಿಗೆ ಕಾರ್ಯಕ್ರಮ ಇವು ದಾವಣಗೆರೆ, ಕಲಬುರಗಿಯ ವಿದ್ಯಾರ್ಥಿಗೂ ತೆರೆದಿವೆ. ಎಂ.ಎಸ್ಸಿ. ನಂತರ ಎನ್‌ಸಿಬಿಎಸ್, ಇನ್‌ಸ್ಟೆಮ್, ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್‌ಗಳಲ್ಲಿ ಒಂದೆರಡು ವರ್ಷ ಕಿರಿಯ ಸಂಶೋಧನಾ ಫೆಲೋ (ಜೆಆರ್‌ಎಫ್) ಅಥವಾ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ದುಡಿಯುವುದು ಈಗ ಬಹುತೇಕ ನಿಯಮವೇ ಆಗಿದೆ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಇಂಥ ಹುದ್ದೆಗಳ ಸುದ್ದಿ ಬೆಂಗಳೂರಿನಿಂದಲೇ ನಡೆಯುವ ಇಂಡಿಯಾ ಬಯೋಸೈನ್ಸ್ ತಾಣದಲ್ಲಿ ಸಿಗುತ್ತದೆ.

ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು ಬೇಕು. ಪ್ರಾಂಶುಪಾಲರ ಸಹಿಗಿಂತ, ಪಕ್ಕದಲ್ಲಿ ನಿಂತು ಕೆಲಸ ನೋಡಿದ ಲ್ಯಾಬಿನ ಮುಖ್ಯಸ್ಥರು ಬರೆದ ಹತ್ತು ಸಾಲಿಗೆ ಬೆಲೆ. ‘ನೀವೇ ಬರೆದುಕೊಂಡು ಬನ್ನಿ, ಸಹಿ ಹಾಕುತ್ತೇನೆ’ ಎನ್ನುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಇದರಿಂದ ವಿದ್ಯಾರ್ಥಿಗೇ ನಷ್ಟ. ಮೂರು ಪತ್ರಗಳ ಭಾಷೆ ಒಂದೇ ಆಗಿರುವುದನ್ನು ಸಮಿತಿಗಳು ಕಂಡುಹಿಡಿಯುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಉದ್ದೇಶಪತ್ರದ ಇಂಗ್ಲಿಷ್ ಬಗ್ಗೆ ಅಂಜುವುದುಂಟು. ಸಮಿತಿ ಹುಡುಕುವುದು ಸ್ಪಷ್ಟ ಯೋಚನೆಯನ್ನು. ಸರಳ ವಾಕ್ಯಗಳಲ್ಲಿ ಒಂದು ಪ್ರಯೋಗದ ಕತೆ ಸರಿಯಾಗಿ ಹೇಳಿದರೆ ಸಾಕು. ಟೋಫೆಲ್ ಅಥವಾ ಐಇಎಲ್‌ಟಿಎಸ್ ಬಹುತೇಕ ಕಡೆ ಬೇಕಾಗುತ್ತದೆ. ಅಧಿಕೃತ ಅಂಕಪಟ್ಟಿಗಾಗಿ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರ ಕಚೇರಿಗೆ ಹಲವು ತಿಂಗಳು ಮೊದಲೇ ಅರ್ಜಿ ಕೊಡಬೇಕು. ಡಿಸೆಂಬರಿಗೆ ಬೇಕಾದ ಕಾಗದವನ್ನು ನವೆಂಬರಿನಲ್ಲಿ ಕೇಳಿದರೆ ಸಿಗುವುದು ಕಷ್ಟ. ಊರೂರಲ್ಲಿರುವ ‘ಸ್ಟಡಿ ಅಬ್ರಾಡ್’ ಕನ್ಸಲ್ಟೆನ್ಸಿಗಳಲ್ಲಿ ಹೆಚ್ಚಿನವು ಬದುಕುವುದು ಶುಲ್ಕ ಕಟ್ಟುವ ಕೋರ್ಸುಗಳ ಕಮಿಷನ್ ಮೇಲೆ. ಪಿಎಚ್.ಡಿ. ಅರ್ಜಿಗೆ ಅವರ ಅಗತ್ಯವಿಲ್ಲ.

ಭಾರತ ಮತ್ತು ಕರ್ನಾಟಕದ ನೆರವು

ಸಂಸ್ಥೆಯ ಶಿಷ್ಯವೇತನ ಸಿಗದ ಕಡೆ, ಅಥವಾ ಸೀಟು ಸಿಕ್ಕಿಯೂ ಶುಲ್ಕದ ವ್ಯತ್ಯಾಸ ಉಳಿದ ಕಡೆ, ಇಲ್ಲಿನ ಯೋಜನೆಗಳು ನೆರವಿಗೆ ಬರುತ್ತವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟು, ಭೂರಹಿತ ಕೃಷಿಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ 35 ವರ್ಷದೊಳಗಿನವರಿಗೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ವಿದೇಶಿ ವ್ಯಾಸಂಗಕ್ಕೆ ನೆರವಾಗುತ್ತದೆ. ಇವು ತಾಲ್ಲೂಕು ಕೇಂದ್ರದ ಕಾಲೇಜುಗಳ ಸೂಚನಾ ಫಲಕವನ್ನು ಇನ್ನೂ ತಲುಪಬೇಕಾದಷ್ಟು ತಲುಪಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮ್‌ಶೇಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ಜೆ.ಎನ್. ಟಾಟಾ ದತ್ತಿ ಎಲ್ಲರಿಗೂ ತೆರೆದಿದೆ. ಅದು ಸಾಲದ ರೂಪದ ವಿದ್ಯಾರ್ಥಿವೇತನ. ಫುಲ್‌ಬ್ರೈಟ್–ನೆಹರೂ ಡಾಕ್ಟರಲ್ ಫೆಲೋಶಿಪ್ ಬೇರೆ ಬಗೆಯದು: ಭಾರತದಲ್ಲೇ ಪಿಎಚ್.ಡಿ.ಗೆ ನೋಂದಾಯಿಸಿದವರನ್ನು ಕೆಲವು ತಿಂಗಳು ಅಮೆರಿಕದ ಲ್ಯಾಬಿಗೆ ಕಳಿಸುತ್ತದೆ.

ಭಾರತದಲ್ಲೇ ಪಿಎಚ್.ಡಿ. ಮಾಡುವ ಈ ಕೊನೆಯ ದಾರಿಯನ್ನು ಕೀಳಾಗಿ ಕಾಣಬಾರದು. ಬೆಂಗಳೂರಿನ ಸಂಸ್ಥೆಗಳ ಪಿಎಚ್.ಡಿ. ಪದವೀಧರರು ಪೋಸ್ಟ್‌ಡಾಕ್ ಆಗಿ ಹೊರಗಿನ ಮೊದಲ ದರ್ಜೆಯ ಲ್ಯಾಬುಗಳಿಗೆ ವರ್ಷವರ್ಷವೂ ಹೋಗುತ್ತಿದ್ದಾರೆ. ಮಲೇರಿಯಾ, ಕ್ಷಯ, ಹಾವು ಕಡಿತದಂಥ ವಿಷಯಗಳಲ್ಲಿ ರೋಗಿಗಳೂ ಮಾದರಿಗಳೂ ಇರುವುದು ಇಲ್ಲೇ. ಹೊರಗೆ ಹೋದವರು ಮರಳಲು ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ. ಹೀಗೆ ಮರಳಿ ಬಂದು ಲ್ಯಾಬು ಕಟ್ಟಿದವರು ಬೆಂಗಳೂರಿನ ಬಳ್ಳಾರಿ ರಸ್ತೆಯ ಆವರಣಗಳಲ್ಲಿ ಅನೇಕರಿದ್ದಾರೆ. ಯಾವ ದೇಶದ ಯಾವ ಕಾರ್ಯಕ್ರಮದಲ್ಲಿ ಈಗ ಏನು ನಡೆಯುತ್ತಿದೆ ಎಂಬುದನ್ನು ಅವರಷ್ಟು ಸರಿಯಾಗಿ ಹೇಳಬಲ್ಲವರು ಕಡಿಮೆ. ಅವರ ಲ್ಯಾಬುಗಳು ಬೇಸಿಗೆ ತರಬೇತಿಗೆ ಅರ್ಜಿ ಕರೆಯುವುದು ಹೆಚ್ಚಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ.